ವೀಧಿಶೂಲದ ಎದುರು ನಿಂತ ಸೈಕಲ್ ದಾರಿ

ಕಳೆದ ಯುಗಾದಿಗೆ ಇಲ್ಲಿ ಡಲ್ಲಸ್‌ನ ಕನ್ನಡ ಸಂಘದ ಊಟದ ದಿನ ಒಬ್ಬ ಹುಡುಗಿ ಹೋಳಿಗೆ ತಟ್ಟೆ ಹಿಡಿದುಕೊಂಡೇ ನನ್ನ ಹತ್ತಿರ ಬಂದಳು. ಪರಿಚಯದವರ ಮಗಳು, ಸಿವಿಲ್ ಎಂಜಿನಿಯರಿಂಗ್ ಮುಗಿಸಿದ್ದಾಳೆ. "ಶೈಲಾ ಆಂಟಿ, ಐ ಗಾಟ್ ಅ ಜಾಬ್ ಇನ್ ಟ್ರೇಲ್ ಡಿಸೈನ್. ಎನಿ ಅಡ್ವೈಸ್?" ಅಂದಳು. ಹಿಂದೆ ಮೈಕಿನಲ್ಲಿ ಯಾರೋ ಹಾಡುತ್ತಿದ್ದರು, ನನ್ನ ಬಾಯಲ್ಲೂ ಹೋಳಿಗೆ ಇತ್ತು. "ಮಳಿ ಬಂದ ಮರುದಿನ ಹೋಗಿ ಜಾಗ ನೋಡವಾ" ಎಂದಷ್ಟೇ ಹೇಳಿ ಕಳಿಸಿದೆ. ಮನೆಗೆ ಬಂದ ಮೇಲೆ ಅದು ಸಾಲದು ಅನ್ನಿಸಿತು. ಆದ್ದರಿಂದ ಇದನ್ನು ಬರೆಯುತ್ತಿದ್ದೇನೆ. ಅವಳಿಗೆ ಕನ್ನಡ ಓದಲು ಬರುವುದಿಲ್ಲ, ಅವಳ ಅಮ್ಮ ಓದಿ ಹೇಳಲಿ.

ನನ್ನ ಕೆಲಸ ಏನೆಂದು ಹೇಳಿದರೆ ನಮ್ಮವರು ಯಾರೂ ನಂಬುತ್ತಿರಲಿಲ್ಲ. ಟೆಕ್ಸಾಸ್‌ನಲ್ಲಿ ಎಲ್ಲರೂ ಕಾರಿಗಾಗಿ ರಸ್ತೆ ಮಾಡುತ್ತಾರೆ. ನಾವು ಕಾರು ಬಾರದ ದಾರಿ ಮಾಡುತ್ತಿದ್ದೆವು, ಇಲ್ಲಿ ಅದಕ್ಕೆ ಟ್ರೇಲ್ ಎನ್ನುತ್ತಾರೆ. ಹಳ್ಳದ ದಂಡೆ, ಕಿತ್ತುಹೋದ ರೈಲು ಹಳಿಯ ದಿಬ್ಬ, ವಿದ್ಯುತ್ ತಂತಿಯ ಕೆಳಗಿನ ಖಾಲಿ ಪಟ್ಟಿ, ಇಂಥ ಜಾಗಗಳನ್ನು ಹುಡುಕಿ, ಸೈಕಲ್ ಹೊಡೆಯುವವರು ಗಂಟೆಗಟ್ಟಲೆ ಹೋದರೂ ಒಂದು ಕಾರು ಎದುರಾಗದಂತೆ ಒಂದಕ್ಕೊಂದು ಜೋಡಿಸುವುದು. ನಮ್ಮ ಸಣ್ಣ ಕಂಪನಿಗೆ ಡಲ್ಲಸ್, ಹ್ಯೂಸ್ಟನ್, ಆಸ್ಟಿನ್ ಮೂರೂ ಕಡೆ ಕೆಲಸವಿತ್ತು. ಧಾರವಾಡದ ಅತ್ತೆಗೆ ಫೋನಿನಲ್ಲಿ ಇದನ್ನು ವಿವರಿಸಿದಾಗ ಅವರು, "ಅಮೆರಿಕಾಕ್ಕ ಹೋಗಿ ಕಾಲುದಾರಿ ಮಾಡಾಕತ್ತೀಯೇನ?" ಎಂದು ಕೇಳಿದರು. ಅದೇ ಸರಿಯಾದ ವಿವರಣೆ. ಅದಕ್ಕಿಂತ ಚೆನ್ನಾಗಿ ನಾನೂ ಹೇಳಲಾರೆ.

ನಮ್ಮ ಮೇಲಧಿಕಾರಿ ಜೆಫ್ರಿ ಇಂಗ್ಲೆಂಡಿನವರು. ಉದ್ದ ಕಾಲು, ಕೆಂಪು ಮೂಗು, ಯಾವಾಗಲೂ ಒಂದು ಚಹಾದ ಫ್ಲಾಸ್ಕ್. ಅವರ ಊರಿನ ಕಡೆ ಗುಡ್ಡಗಳ ನಡುವೆ ಓಡುತ್ತಿದ್ದ ರೈಲುಗಳು ನಿಂತುಹೋದ ಮೇಲೆ ಆ ಹಳಿಯ ದಾರಿಗಳನ್ನೆಲ್ಲ ಸೈಕಲ್ಲಿಗೆ ಬಿಟ್ಟುಕೊಟ್ಟರಂತೆ. ಎರಡೂ ಕಡೆ ಬೇಲಿಗಿಡ, ಅದರಾಚೆ ಕುರಿ, ಏರಿ ಇಳಿಯುವ ಹಸಿರು ಹೊಲ, ನಡುವೆ ಹಳೆಯ ಸ್ಟೇಷನ್ನಿನಲ್ಲೇ ಒಂದು ಚಹಾದಂಗಡಿ. "ಬೆಳಿಗ್ಗೆ ಹೊರಟರೆ ಸಂಜೆಯವರೆಗೂ ಎಂಜಿನ್ನಿನ ಸದ್ದು ಕೇಳಿಸುವುದಿಲ್ಲ ಶೈಲಾ" ಎನ್ನುತ್ತಿದ್ದರು. ಟೆಕ್ಸಾಸ್‌ನ ಬಿಸಿಲಿನಲ್ಲಿ ನಿಂತು ಆ ಮಾತು ಕೇಳುವಾಗ ನನಗೆ ನಗು ಬರುತ್ತಿತ್ತು. ಆದರೆ ಅವರು ಮಾತ್ರ ಆ ದಾರಿಯನ್ನು ಇಲ್ಲಿಗೆ ತಂದೇ ತೀರುತ್ತೇನೆ ಎಂದು ನಂಬಿದ್ದರು.

ಅವರಿಗೆ ಒಂದು ಪದ್ಧತಿಯಿತ್ತು. ಯಾವ ಏರು ಎಷ್ಟಿರಬೇಕು ಎಂದು ಪುಸ್ತಕದಲ್ಲಿ ಬರೆದಿರುತ್ತದೆ, ಅದನ್ನು ಎಲ್ಲರೂ ನೋಡುತ್ತಾರೆ. ಜೆಫ್ರಿ ಅಷ್ಟಕ್ಕೆ ಬಿಡುತ್ತಿರಲಿಲ್ಲ. ನೆಲದ ಮೇಲೆ ಬಾವುಟ ನೆಟ್ಟು, ಹುಲ್ಲು ಕೊಯ್ಯಿಸಿ, ಆಫೀಸಿನಲ್ಲಿ ಎಲ್ಲರಿಗಿಂತ ಕೆಟ್ಟದಾಗಿ ಸೈಕಲ್ ಹೊಡೆಯುವವರನ್ನು ಹತ್ತಿಸುತ್ತಿದ್ದರು. ಅದು ನಾನೇ. ನಾನು ಏದುಸಿರು ಬಿಡುತ್ತ ಹೋಗಬೇಕು, ಅವರು ಹಿಂದೆ ಚಹಾ ಕುಡಿಯುತ್ತ ನಿಂತಿರಬೇಕು. ಆಸ್ಟಿನ್ ಹತ್ತಿರ ಜಾರ್ಜ್‌ಟೌನ್ ಕಡೆ ಸುಣ್ಣಕಲ್ಲಿನ ಗುಡ್ಡಗಳಲ್ಲಿ ಮೊದಲ ದಿನ ಅರ್ಧ ಏರಿಗೇ ಇಳಿದು ತಳ್ಳತೊಡಗಿದೆ. ನಾಚಿಕೆಯಿಂದ, "ನನ್ನ ಕಾಲಿಗೆ ಶಕ್ತಿ ಇಲ್ಲ, ಕ್ಷಮಿಸಿ" ಅಂದೆ.

"ಕಾಲಿನ ಮಾತು ಬೇಡ. ಸವಾರ ಇಳಿದು ತಳ್ಳಿದರೆ ತಪ್ಪು ಸವಾರನದಲ್ಲ, ನಕ್ಷೆಯದು" ಅಂದರು. ಬಾವುಟಗಳನ್ನೆಲ್ಲ ಕಿತ್ತು ಬೇರೆ ಕಡೆ ನೆಡಿಸಿದರು. ನಾನು ಮತ್ತೆ ಹತ್ತಿದೆ, ಮತ್ತೆ ಇಳಿದೆ. ಹೀಗೆ ಆ ಗುಡ್ಡವನ್ನು ಎಷ್ಟು ಸಲ ಹತ್ತಿಸಿದರೋ, ಮನೆಗೆ ಬಂದು ಮಂಡಿಗೆ ಎಣ್ಣೆ ಹಚ್ಚಿಕೊಂಡು ಅವರಿಗೆ ಬೈದುಕೊಂಡಿದ್ದೇನೆ. ಕೊನೆಗೆ ದಾರಿ ಗುಡ್ಡವನ್ನು ಬಳಸಿ, ಓಕ್ ಮರಗಳ ನೆರಳಿನಲ್ಲಿ, ನಿಧಾನವಾಗಿ ಮೇಲಕ್ಕೆ ಹೋಯಿತು. ಅದರ ಬಾಯಿಗೆ ಪಿಕಪ್ ಟ್ರಕ್ಕುಗಳು ನುಗ್ಗದಂತೆ ಅಲ್ಲಿಯದೇ ಒಂದು ದೊಡ್ಡ ಸುಣ್ಣಕಲ್ಲಿನ ಬಂಡೆ ಇಟ್ಟೆವು. ದಾರಿ ತೆರೆದ ದಿನ ಅಲ್ಲಿಯ ಹೊಸ ಮನೆಗಳ ಕಡೆಯ ಒಬ್ಬ ಅಜ್ಜಿ ಮೂರು ಗಾಲಿಯ ಸೈಕಲ್ಲಿನಲ್ಲಿ ನಾಯಿಯನ್ನು ಕೂರಿಸಿಕೊಂಡು ಮೇಲೆ ಬಂದಾಗ ನನಗೆ ಕಣ್ಣು ತುಂಬಿತು. ಬಡ್ತಿಗಿಡ್ತಿ ಎಲ್ಲ ನನಗೆ ನೆನಪಿಲ್ಲ, ಆ ಅಜ್ಜಿ ನೆನಪಿದ್ದಾಳೆ.

ಎಲ್ಲವೂ ಹೀಗೆ ಚೆನ್ನಾಗಿ ಆಗಲಿಲ್ಲ. ಹ್ಯೂಸ್ಟನ್ನಿನ ದಕ್ಷಿಣಕ್ಕೆ, ಪೇರ್ಲ್ಯಾಂಡ್ ಕಡೆ, ಬಯೂ ಎಂದು ಕರೆಯುವ ಮಂದ ಹರಿವಿನ ಕಾಲುವೆಯ ಪಕ್ಕ ಒಂದು ದಾರಿ ಬರೆದೆ. ಅದು ನಾನೊಬ್ಬಳೇ ಹೊತ್ತುಕೊಂಡ ಮೊದಲ ಕೆಲಸ. ಬೇಸಿಗೆಯಲ್ಲಿ ಹೋಗಿ ನೋಡಿದ್ದೆ, ನೆಲ ಒಣಗಿ ಬಿರುಕು ಬಿಟ್ಟಿತ್ತು. ನೀರಿನ ಹತ್ತಿರ ತಂಪಾಗಿರುತ್ತದೆ ಎಂದು ದಾರಿಯನ್ನು ಕೆಳಗೇ ಇಳಿಸಿ ಬೆಂಚುಗಳನ್ನೂ ಹಾಕಿಸಿದೆ. ಮೊದಲ ಜೋರು ಮಳೆಗೆ ದಾರಿಯೇ ಕಾಣಲಿಲ್ಲ. ನೀರು ಇಳಿದ ಮೇಲೆ ಬೆಂಚುಗಳ ಮೇಲೆ ಕೆಸರು ಕೂತಿತ್ತು, ಆಮೆ ಕೂತಿತ್ತು, ಮನುಷ್ಯರು ಮಾತ್ರ ಇರಲಿಲ್ಲ. ಕೆಸರು ಬಾಚುವವರ ಮೇಸ್ತ್ರಿ ನನ್ನನ್ನು ನೋಡಿ, "ಮೇಡಂ, ಇದು ಸೈಕಲ್ಲಿಗೋ ದೋಣಿಗೋ?" ಎಂದು ಕೇಳಿದ. ಅವತ್ತು ಅಲ್ಲಿಯ ದೇವಸ್ಥಾನಕ್ಕೆ ಹೋಗಿ, ಪುಳಿಯೋಗರೆ ತಿಂದು ಬಂದೆ. ಮಳೆ ಬಂದ ಮರುದಿನ ಜಾಗ ನೋಡು ಎನ್ನುವ ಮಾತು ಅಲ್ಲಿಂದ ಬಂದದ್ದು.

ಎರಡು ಸಾವಿರದ ಹತ್ತರ ದಶಕದ ನಡುವೆ ನಮ್ಮ ಕೆಲಸದ ರೀತಿ ಬದಲಾಯಿತು. ಟೇಪು, ಬಾವುಟ, ಕಾಗದದ ನಕ್ಷೆ ಹಿಂದೆ ಸರಿದವು. ಸೈಕಲ್ ಸವಾರರ ಫೋನುಗಳಿಂದ ಬರುವ ಮಾಹಿತಿಯಲ್ಲಿ, ಯಾರು ಎಲ್ಲಿ ಎಷ್ಟು ಓಡಾಡುತ್ತಾರೆ ಎನ್ನುವುದು ಕಂಪ್ಯೂಟರಿನ ಮೇಲೆ ಕೆಂಪು ಗೆರೆಯಾಗಿ ಕಾಣುತ್ತಿತ್ತು. ಗೆರೆ ದಪ್ಪ ಇದ್ದಲ್ಲಿ ದಾರಿ ಮಾಡು, ಮುಗಿಯಿತು. ಆಫೀಸಿನ ಹುಡುಗರಿಗೆ ಬಹಳ ಖುಷಿ. ನನಗೆ ಮಾತ್ರ ಸಮಾಧಾನವಿರಲಿಲ್ಲ. ಆಗಲೇ ಸೈಕಲ್ ಹೊಡೆಯುವವರನ್ನು ಆ ಗೆರೆ ತೋರಿಸುತ್ತದೆ. ದಾರಿ ಇಲ್ಲದ್ದಕ್ಕೇ ಮನೆಯಲ್ಲಿ ಕೂತವರು ಅದರಲ್ಲಿ ಎಲ್ಲಿ ಸಿಗಬೇಕು? ಪದ್ಮಾ ಆ ನಕ್ಷೆಯಲ್ಲಿ ಇರಲಿಲ್ಲ.

ಪದ್ಮಾ ಯಾರು ಎಂದು ಹೇಳಬೇಕು. ಮೈಸೂರಿನವಳು, ನನಗಿಂತ ಸುಮಾರು ಚಿಕ್ಕವಳು. ನಾವಿದ್ದದ್ದು ಡಲ್ಲಸ್ ಹತ್ತಿರದ ಅಲೆನ್‌ನಲ್ಲಿ, ಅವಳ ಮನೆ ಪಕ್ಕದ ಊರಿನಲ್ಲಿ. ಆ ಊರಿನ ಹೆಸರು ಬೇಡ. ಗಂಡ ಶ್ರೀನಾಥ್ ಪ್ಲೇನೋದಲ್ಲಿ ಸಾಫ್ಟ್‌ವೇರ್ ಕೆಲಸಕ್ಕೆ ಹೋಗುತ್ತಿದ್ದರು. ಪದ್ಮಾ ಡ್ರೈವ್ ಮಾಡುವುದಿಲ್ಲ. ಕಲಿಯುವಾಗ ಹೈವೇಗೆ ಸೇರುವ ಜಾಗದಲ್ಲಿ ದೊಡ್ಡ ಟ್ರಕ್ಕೊಂದು ಹಾರ್ನ್ ಹೊಡೆದದ್ದೇ ನೆಪ, ಸ್ಟೀರಿಂಗ್ ಬಿಟ್ಟವಳು ಮತ್ತೆ ಹಿಡಿಯಲಿಲ್ಲ. ಇಲ್ಲಿ ಡ್ರೈವ್ ಮಾಡದ ಹೆಂಗಸು ಎಂದರೆ ಏನೆಂದು ಇಲ್ಲಿರುವವರಿಗೆ ಹೇಳಬೇಕಿಲ್ಲ. ಕೊತ್ತಂಬರಿ ಸೊಪ್ಪು ಬೇಕಾದರೂ ಶನಿವಾರದವರೆಗೆ ಕಾಯಬೇಕು. ಲೈಬ್ರರಿಗೆ ಹೋಗಬೇಕು ಅಂದರೆ ಗಂಡನ ಮುಖ ನೋಡಬೇಕು.

ನಾನೇ ಅವಳಿಗೆ ಸೈಕಲ್ ಕಲಿಸಿದೆ. ನನ್ನ ಕಾರಿನ ಹಿಂದೆ ಎರಡು ಸೈಕಲ್ ಕಟ್ಟಿಕೊಂಡು ಹಳ್ಳದ ಪಕ್ಕದ ಟ್ರೇಲಿಗೆ ಕರೆದುಕೊಂಡು ಹೋಗುತ್ತಿದ್ದೆ. ಚೂಡಿದಾರದ ಕಾಲಿಗೆ ರಬ್ಬರ್ ಬ್ಯಾಂಡ್ ಹಾಕಿಕೊಂಡು ಹತ್ತುತ್ತಿದ್ದಳು.

"ಶೈಲಕ್ಕ, ಕೈ ಬಿಡ್ಬೇಡಿ. ಹಿಡ್ಕೊಂಡಿದೀರಾ? ಅಯ್ಯೋ, ಬಿಟ್ಬಿಟ್ರಾ?"

"ಗಾಲಿ ನೋಡಬ್ಯಾಡ ಪದ್ಮಾ, ಮುಂದ ನೋಡು. ಕಾಲು ನಿಲ್ಲಸಬ್ಯಾಡ."

ಕೈ ಬಿಟ್ಟು ಎಷ್ಟೋ ಹೊತ್ತಾಗಿತ್ತು. ಅವಳು ಬಗ್ಗಿಕೊಂಡು, ಕೂಗಿಕೊಂಡು, ಓಕ್ ಮರದ ಆಚೆ ತಿರುಗಿ ಕಾಣದಾದಳು. ಮರಳಿ ಬಂದಾಗ ಮುಖ ಕೆಂಪಗಾಗಿತ್ತು. "ಇಲ್ಲಿಗ್ ಬಂದ್ಮೇಲೆ ಮೊದಲ್ನೇ ಸಲ ಯಾರ್ದೂ ಹಂಗಿಲ್ದೆ ಅಷ್ಟ್ ದೂರ ಹೋಗ್ಬಂದೆ ಶೈಲಕ್ಕ" ಅಂದಳು. ಅವಳಿಗೆ ಆಗ ಐವತ್ತು ದಾಟಿತ್ತು.

ಸ್ವಲ್ಪ ದಿನಕ್ಕೇ ಆ ಊರಿನ ಕೌನ್ಸಿಲ್‌ನವರು ನಮ್ಮ ಕಂಪನಿಗೆ ಒಂದು ಕೆಲಸ ಕೊಟ್ಟರು. ಹಳ್ಳದ ಟ್ರೇಲು ಪೂರ್ವದಲ್ಲಿ ನಿಂತುಹೋಗಿತ್ತು. ಪಶ್ಚಿಮದಲ್ಲಿ ಲೈಬ್ರರಿ, ಪಾರ್ಕು, ಇಂಡಿಯನ್ ಅಂಗಡಿಗಳವರೆಗೆ ಇನ್ನೊಂದು ಟ್ರೇಲು ಇತ್ತು. ಎರಡನ್ನೂ ಸೇರಿಸಬೇಕು. ಸೇರಿಸಲು ಇದ್ದದ್ದು ಒಂದೇ ಜಾಗ, ಮನೆ ಕಟ್ಟದೆ ಉಳಿದ ಉದ್ದನೆಯ ಪಟ್ಟಿ. ಅದರ ಒಂದು ಕವಲು ಬಂದು ಮುಗಿಯುತ್ತಿದ್ದದ್ದು ಪದ್ಮಾಳ ಮನೆಯ ಎದುರಿಗೇ. ದಾರಿ ಆದರೆ ಅವಳು ಗ್ಯಾರೇಜಿನಿಂದ ಸೈಕಲ್ ಇಳಿಸಿ, ಮನೆ ಮುಂದಿನ ಸಣ್ಣ ಬೀದಿ ದಾಟಿ, ಒಂದು ಕಾರನ್ನೂ ಕಾಣದೆ ಲೈಬ್ರರಿಗೆ ಹೋಗಬಹುದು. ಕೆಲಸದಲ್ಲಿ ಸ್ವಂತದ ಆಸೆ ಸೇರಬಾರದು ಎನ್ನುತ್ತಾರೆ. ನನಗೆ ಸೇರಿತ್ತು. ನಕ್ಷೆ ಬರೆಯುವಾಗ ಕೈ ತಾನಾಗಿ ಓಡುತ್ತಿತ್ತು.

ಎರಡು ವಾರ ಆಗಿರಬೇಕು, ಪದ್ಮಾ ಫೋನ್ ಮಾಡಿದಳು. ದನಿ ತಗ್ಗಿತ್ತು.

"ಶೈಲಕ್ಕ, ಒಂದ್ ವಿಷ್ಯ. ನಾನ್ ಹೇಳ್ದೆ ಅಂತ ನಮ್ಮನೆಯವ್ರಿಗೆ ಗೊತ್ತಾಗ್ಬಾರ್ದು. ನಿಮ್ಮ ದಾರಿ ನಮ್ಮ ಬಾಗ್ಲಿಗೆ ನೇರ ಬರತ್ತಂತೆ. ವೀಧಿಶೂಲ ಅಂತಿದಾರೆ. ಬೆಂಗಳೂರಿನ ವಾಸ್ತು ನೋಡೋವ್ರಿಗೆ ವಿಡಿಯೋದಲ್ಲಿ ತೋರ್ಸಿದ್ರು. ಮನೆ ಹೆಂಗಸಿಗೆ ಆಗಲ್ಲ ಅಂದ್ರಂತೆ."

"ಅದು ಬೀದಿ ಅಲ್ಲ ಮಾರಾಯ್ತಿ, ಸೈಕಲ್ ದಾರಿ!"

"ನಾನೂ ಅದ್ನೇ ಅಂದೆ. ನಿನ್ ಮೇಲೇ ಬರತ್ತೆ ಅಂತಿದಾರಲ್ಲೇ, ನಿಂಗೇನಾದ್ರೂ ಆದ್ರೆ ನಾನೇನ್ ಮಾಡ್ಲಿ ಅಂದ್ರು."

ನನಗೆ ನಗಬೇಕೋ ಬೈಯಬೇಕೋ ತಿಳಿಯಲಿಲ್ಲ. ಬೀದಿಯೊಂದು ನೇರವಾಗಿ ಬಂದು ಮನೆ ಬಾಗಿಲಿಗೆ ತಿವಿಯುವಂತೆ ನಿಂತರೆ ಕೇಡು ಎನ್ನುವುದು ನಮ್ಮಲ್ಲಿ ಹಿಂದಿನಿಂದ ಬಂದದ್ದು. ಆದರೆ ಅದಕ್ಕೆ ಪರಿಹಾರವೂ ನಮ್ಮಲ್ಲೇ ಇದೆ. ದಾರಿಯ ಬಾಯಿಯನ್ನು ಸ್ವಲ್ಪ ಪಕ್ಕಕ್ಕೆ ತಿರುಗಿಸಿದರೆ ಶೂಲ ತಪ್ಪಿತು. ಅದೂ ಸಾಲದಿದ್ದರೆ ಎದುರಿಗೆ ಒಬ್ಬ ಗಣಪ. ಮರುದಿನ ಜೆಫ್ರಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವರು ಗೇಲಿ ಮಾಡುತ್ತಾರೆ ಎಂದುಕೊಂಡಿದ್ದೆ. ಅವರು ಫ್ಲಾಸ್ಕ್ ಕೆಳಗಿಟ್ಟು, "ನಮ್ಮಜ್ಜಿ ಬಾಗಿಲಿಗೆ ಕುದುರೆ ಲಾಳ ಹೊಡೆದಿದ್ದಳು. ತಿರುಗಿಸು, ಅದಕ್ಕೇನು? ಬಂಡೆಯಂತೂ ನಾವು ಎಲ್ಲ ಕಡೆಯೂ ಇಡುತ್ತೇವೆ" ಅಂದರು. ಆ ಕವಲಿನ ತುದಿಯಲ್ಲಿ ದಾರಿಯನ್ನು ಎಡಕ್ಕೆ ಬಾಗಿಸಿ, ಪದ್ಮಾಳ ಬಾಗಿಲಿನ ಸಾಲಿಗೆ ಸರಿಯಾಗಿ ಒಂದು ಸುಣ್ಣಕಲ್ಲಿನ ಬಂಡೆ ಬರೆದೆ. ಜಾರ್ಜ್‌ಟೌನ್ ಕಡೆಯಿಂದಲೇ ತರಿಸೋಣ ಎಂದುಕೊಂಡೆ. ಹೊಟ್ಟೆ ಸ್ವಲ್ಪ ಮುಂದೆ ಬಂದಿರುವ ಕಲ್ಲನ್ನೇ ಆರಿಸಬೇಕು ಎಂದೂ ಮನಸ್ಸಿನಲ್ಲಿತ್ತು.

ಶ್ರೀನಾಥ್ ಅವರ ಹತ್ತಿರ ನೇರ ಹೋಗಿ ಹೇಳುವಂತಿರಲಿಲ್ಲ, ಪದ್ಮಾ ಆಣೆ ಹಾಕಿಸಿದ್ದಳು. ಸಭೆಯಲ್ಲಿ ನಕ್ಷೆ ಹಾಕುತ್ತೇವೆ, ತಿರುವು ಕಣ್ಣಿಗೆ ಬಿದ್ದೇ ಬೀಳುತ್ತದೆ ಎಂದುಕೊಂಡೆ.

ಊರಿನ ಸಭೆಗೆ ಹೋದರೆ ಹಾಲ್ ತುಂಬಿತ್ತು. ಅರ್ಧಕ್ಕೆ ಅರ್ಧ ನಮ್ಮವರೇ. ಶ್ರೀನಾಥ್ ಆ ಬಡಾವಣೆಯ ಅಸೋಸಿಯೇಷನ್ನಿನಲ್ಲಿದ್ದರು, ಮನೆ ಮನೆಗೆ ಹೋಗಿ ಎಲ್ಲರನ್ನೂ ಕರೆತಂದಿದ್ದರು. ಅಮೆರಿಕದವರ ಮುಂದೆ ವೀಧಿಶೂಲ ಎನ್ನಲಾಗುತ್ತದೆಯೇ? ಆದ್ದರಿಂದ ಎಲ್ಲರಿಗೂ ಹೇಳಿದ್ದು ಸೇಫ್ಟಿ. ಅಪರಿಚಿತರು ಬರುತ್ತಾರೆ, ಬೇಲಿ ಹಾರುತ್ತಾರೆ, ಮಕ್ಕಳು ಹೊರಗೆ ಆಡುತ್ತಾರೆ, ಮನೆಯ ಬೆಲೆ ಇಳಿಯುತ್ತದೆ. ಆ ಮಾತು ಕೇಳಿ ನಿಜವಾಗಿಯೂ ಹೆದರಿದವರು ಆ ಹಾಲಿನಲ್ಲಿ ಕೂತಿದ್ದರು. ಜೆಫ್ರಿ ಎದ್ದು ನಿಂತು ತಿರುವನ್ನು ಕೋಲಿನಿಂದ ತೋರಿಸಿ ತೋರಿಸಿ ವಿವರಿಸಿದರು. ಶ್ರೀನಾಥ್ ನಕ್ಷೆಯ ಕಡೆ ನೋಡಿದರು. ಅವರ ಬಾಯಿ ಅರ್ಧ ತೆರೆದು ನಿಂತದ್ದನ್ನು ನಾನು ಕಂಡೆ. ಅರ್ಥವಾಯಿತು ಅವರಿಗೆ. ಆದರೆ ಬೆನ್ನ ಹಿಂದೆ ಅಷ್ಟು ಮನೆಯವರು ಕೂತಿದ್ದಾರೆ, ಎಲ್ಲ ತಾವೇ ಕರೆತಂದವರು. ಈಗ ಎದ್ದು ಏನೆಂದು ಹೇಳಿಯಾರು? ನನ್ನ ಭಯ ಹೋಯಿತು, ನೀವೂ ಮನೆಗೆ ಹೋಗಿ ಎಂದೇ?

ಒಂದೊಂದು ಮನೆಯಿಂದ ಒಬ್ಬೊಬ್ಬರು ಮೈಕಿಗೆ ಬಂದರು. ಶ್ರೀನಾಥರ ಮನೆಯಿಂದ ಪದ್ಮಾ ಬಂದಳು. ರೇಷ್ಮೆ ಅಂಚಿನ ಕುರ್ತಾ ಹಾಕಿಕೊಂಡು, ಫೋನ್ ಕೈಯಲ್ಲಿ ಹಿಡಿದು, ಗಂಡ ಬರೆದುಕೊಟ್ಟ ಇಂಗ್ಲಿಷನ್ನು ಓದಿದಳು. ತಾನೊಬ್ಬ ಗೃಹಿಣಿ, ಹಗಲಿಡೀ ಮನೆಯಲ್ಲಿ ಒಬ್ಬಳೇ ಇರುತ್ತೇನೆ, ಮನೆಯೆದುರು ಇಂಥ ದಾರಿ ಬಂದರೆ ತನಗೆ ಭಯ. ಅಷ್ಟು ಜನರ ಮುಂದೆ ಅವಳು ಇಂಗ್ಲಿಷ್ ಮಾತಾಡಿದ್ದು ಅದೇ ಮೊದಲು. ಒಂದು ತಪ್ಪೂ ಇಲ್ಲದೆ ಓದಿದಳು. ಚಪ್ಪಾಳೆ ಬಿತ್ತು. ಮರಳಿ ಹೋಗುವಾಗ ನನ್ನ ಕಡೆ ನೋಡಲಿಲ್ಲ. ನಾನು ಕಂಪನಿಯ ಪರವಾಗಿ ಬಂದವಳು, ಕೇಳದೆ ಮಾತಾಡುವಂತಿಲ್ಲ. ಆ ಹೊತ್ತಿನ ಸಂಕಟ ಇವತ್ತಿಗೂ ಹೋಗಿಲ್ಲ.

ಕೌನ್ಸಿಲ್‌ನವರು ದಾರಿಯನ್ನು ಕೈಬಿಟ್ಟರು. ಹೊರಗೆ ಪಾರ್ಕಿಂಗಿನಲ್ಲಿ ಶ್ರೀನಾಥ್ ನನ್ನನ್ನು ಹುಡುಕಿಕೊಂಡು ಬಂದರು.

"ಶೈಲಾ ಅವ್ರೇ, ಆ ಟರ್ನ್ ಮೊದ್ಲಿಂದ್ಲೂ ಇತ್ತಾ?"

"ಇಲ್ಲರಿ. ನಿಮ್ಮ ಮನೀ ಸಲುವಾಗಿನ ಹಾಕಿದ್ದು."

ಅವರು ಕಾರಿನ ಕೀಲಿಯನ್ನು ತಿರುಗಿಸುತ್ತ ನಿಂತರು. "ಒಂದ್ ಮಾತು ಮೊದ್ಲೇ ಹೇಳ್ಬಾರ್ದಿತ್ತಾ" ಅಂದರು. ಅದೇ ಮಾತನ್ನು ನಾನೂ ಅವರಿಗೆ ಕೇಳಬಹುದಿತ್ತು. ಕಾರಿನೊಳಗೆ ಪದ್ಮಾ ಕೂತಿದ್ದಳು, ಆದ್ದರಿಂದ ಕೇಳಲಿಲ್ಲ.

ಕೆಲಸಕ್ಕೆ ಸೇರುವವರಿಗೆ ಇದನ್ನೇ ನಾನು ಹೇಳಬೇಕೆಂದಿದ್ದು. ಜನ ಸಭೆಯಲ್ಲಿ ಹೇಳುವ ಕಾರಣ ಬೇರೆ, ಅಡುಗೆಮನೆಯಲ್ಲಿ ಹೇಳುವ ಕಾರಣ ಬೇರೆ. ಮೊದಲು ಅಡುಗೆಮನೆಗೆ ಹೋಗಿ. ಅದು ಏನೇ ಇರಲಿ, ನಗಬೇಡಿ. ನೆಲದ ಏರಿಳಿತವನ್ನು ಅಳೆಯುವಷ್ಟೇ ಗಂಭೀರವಾಗಿ ಅದನ್ನೂ ಅಳೆಯಿರಿ. ಸುಳ್ಳು ಕಾರಣ ಒಮ್ಮೆ ಮೈಕಿಗೆ ಬಂದ ಮೇಲೆ ಅದನ್ನು ತಂದವರಿಗೂ ವಾಪಸು ತೆಗೆದುಕೊಂಡು ಹೋಗಲು ಆಗುವುದಿಲ್ಲ.

ಆಮೇಲೆ ಆದದ್ದು ಇಷ್ಟು. ಆ ಖಾಲಿ ಪಟ್ಟಿಯನ್ನು ಅದರ ಮಾಲೀಕ ಒಬ್ಬ ಬಿಲ್ಡರನಿಗೆ ಮಾರಿದ. ಬಿಲ್ಡರ್ ಎರಡೂ ಕಡೆ ಒತ್ತೊತ್ತಾಗಿ ಮನೆಗಳನ್ನು ಎಬ್ಬಿಸಿ ನಡುವೆ ರಸ್ತೆ ಹಾಕಿದ. ನೇರವಾದ, ಅಗಲವಾದ, ಕಾರಿನ ರಸ್ತೆ. ಅದು ಬಂದು ಮುಟ್ಟಿದ್ದು ಪದ್ಮಾಳ ಬಾಗಿಲಿನ ಎದುರಿಗೆ. ಅದಕ್ಕೆ ಯಾವ ಸಭೆಯಲ್ಲೂ ಯಾರೂ ಬಾಯಿ ತೆರೆಯಲಿಲ್ಲ, ಮನೆಗಳಿಗೆ ರಸ್ತೆ ಬೇಡ ಎನ್ನುವುದು ಹೇಗೆ? ಸಂಜೆಯಾದರೆ ಕೆಲಸದಿಂದ ಬರುವ ಹೋಗುವ ಕಾರುಗಳ ದೀಪ ಅವಳ ದೇವರ ಗೂಡಿನ ಮೇಲೆ ಬಂದು ಬೀಳುತ್ತದೆ. ಶ್ರೀನಾಥ್ ಮನೆ ಮುಂದಿನ ಹುಲ್ಲಿನಲ್ಲಿ ಕಲ್ಲಿನ ಗಣಪನನ್ನು ಕೂರಿಸಿದ್ದಾರೆ. ಒಳ್ಳೆಯ ಗಣಪ, ಬೆಂಗಳೂರಿನಿಂದ ತರಿಸಿದ್ದು.

ಜೆಫ್ರಿ ನನಗಿಂತ ಮೊದಲೇ ನಿವೃತ್ತರಾಗಿ ತಮ್ಮ ಊರಿಗೆ ಹೋದರು. ದಶಕ ಮುಗಿಯುವ ಹೊತ್ತಿಗೆ ನಾನೂ ನಿವೃತ್ತಳಾದೆ. ಆ ಬೇಸಿಗೆಯಲ್ಲಿ ಅವರು ಕರೆದರು, ಹೋದೆ. ಅಷ್ಟು ವರ್ಷ ಬರೀ ಮಾತಿನಲ್ಲಿ ಕೇಳಿದ ದಾರಿಯ ಮೇಲೆ ನಿಜವಾಗಿ ಸೈಕಲ್ ಹೊಡೆದೆ. ಬೇಲಿಗಿಡ, ಕುರಿ, ಏರಿ ಇಳಿಯುವ ಹೊಲ, ಎಲ್ಲ ಅವರು ಹೇಳಿದ ಹಾಗೆಯೇ ಇತ್ತು. ಎಷ್ಟು ದೂರ ಹೋದರೂ ಏರು ಗೊತ್ತೇ ಆಗುತ್ತಿರಲಿಲ್ಲ, ನಾನು ಒಮ್ಮೆಯೂ ಇಳಿಯಲಿಲ್ಲ. ಚಹಾದಂಗಡಿಯಲ್ಲಿ ಕೂತು ಪದ್ಮಾಳಿಗೆ ಫೋಟೋ ಕಳಿಸಿದೆ. ಕೂಡಲೇ ಉತ್ತರ ಬಂತು, "ಒಂದ್ ಕಾರೂ ಇಲ್ವಾ ಶೈಲಕ್ಕ?"

ಜೆಫ್ರಿ ಅದು ಏನೆಂದು ಕೇಳಿದರು. ಹೇಳಿದೆ. ಅವರು ಚಹಾ ಲೋಟ ಕೆಳಗಿಟ್ಟು, ನನ್ನ ಫೋನ್ ತೆಗೆದುಕೊಂಡು, ಖಾಲಿ ದಾರಿಯ ಇನ್ನೊಂದು ಫೋಟೋ ತೆಗೆದು ಅವಳಿಗೆ ಕಳಿಸಿದರು.

ಮರಳಿ ಬಂದ ವಾರವೇ ಗಾಳಿ ಹೊಡೆಯುವ ಪಂಪು ತೆಗೆದುಕೊಂಡು ಪದ್ಮಾಳ ಮನೆಗೆ ಹೋದೆ. ಅವಳ ಸೈಕಲ್ ಗ್ಯಾರೇಜಿನ ಗೋಡೆಗೆ ತೂಗುಹಾಕಿತ್ತು, ಸೀಟಿನ ಮೇಲೆ ಧೂಳು. ಇಬ್ಬರೂ ಸೇರಿ ಇಳಿಸಿದೆವು, ಒರೆಸಿದೆವು, ಗಾಳಿ ಹೊಡೆದೆವು. ಅವಳು ಒಳಗೆ ಹೋಗಿ ಕಾಲಿಗೆ ರಬ್ಬರ್ ಬ್ಯಾಂಡ್ ಹಾಕಿಕೊಂಡು ಬಂದಳು.

"ಲೈಬ್ರರಿ ಈ ಕಡೆ ತಾನೇ ಶೈಲಕ್ಕ? ನೇರ ಹೋದ್ರೆ ಸಿಗತ್ತಲ್ಲ?"

"ಸಿಗತೈತಿ. ನಾ ಹಿಂದ ಬರ್ತೀನಿ. ಮುಂದ ನೋಡು."

ಹತ್ತಿದಳು. ಇಳಿಜಾರಿನ ಡ್ರೈವ್‌ವೇಯಲ್ಲಿ ಗಣಪನ ಪಕ್ಕದಿಂದ ಬೀದಿಯ ಅಂಚಿನವರೆಗೆ ಚೆನ್ನಾಗಿಯೇ ಹೋದಳು. ಎದುರಿನ ನೇರ ರಸ್ತೆಯಲ್ಲಿ ಒಂದು ಕಾರು ಬಂತು, ಅದರ ಹಿಂದೆ ಇನ್ನೊಂದು, ಅದರ ಹಿಂದೆ ದೊಡ್ಡ ಪಿಕಪ್ಪು. ಪದ್ಮಾ ಬ್ರೇಕ್ ಹಿಡಿದು ಒಂದು ಕಾಲು ನೆಲಕ್ಕೆ ಊರಿದಳು. ಅವು ಹೋಗಲಿ ಎಂದು ಕಾದಳು. ಇನ್ನಷ್ಟು ಬಂದವು.

ಆಮೇಲೆ ಇಳಿದು, ಸೈಕಲ್ ತಿರುಗಿಸಿ, ತಳ್ಳಿಕೊಂಡು ಗ್ಯಾರೇಜಿನ ಕಡೆ ಬಂದಳು. "ನಂಗೆ ಧೈರ್ಯ ಸಾಲ್ದು ಶೈಲಕ್ಕ, ಕ್ಷಮ್ಸಿ" ಅಂದಳು.

"ನಿಂದೇನೂ ತಪ್ಪಿಲ್ಲವಾ" ಎಂದು ಹೇಳಿ ನಾನು ಸೈಕಲ್ಲಿನ ಹಿಂಭಾಗ ಹಿಡಿದುಕೊಂಡೆ. ಇಬ್ಬರೂ ಸೇರಿ ಅದನ್ನು ಮತ್ತೆ ಗೋಡೆಗೆ ತೂಗುಹಾಕಿದೆವು.